ಕ್ರಯಪತ್ರದಲ್ಲಿ ಕಾಣದ ಬೆಲೆ

ಕಳೆದ ತಿಂಗಳು ಅತ್ತಿಗೆಯವರ ಮನೆಯ ಋಣಭಾರ ಪ್ರಮಾಣಪತ್ರವನ್ನು ನಾನೇ ತೆಗೆಸಿಕೊಟ್ಟೆ. ಬೆಂಗಳೂರಿನ ವಿದ್ಯಾರಣ್ಯಪುರದ ಆಚೆ, 30x40 ಅಡಿ ನಿವೇಶನದಲ್ಲಿರುವ ಸಾಧಾರಣ ಮನೆ ಅದು. ಅಣ್ಣ ತೀರಿಕೊಂಡ ಮೇಲೆ, ಅದನ್ನು ಮಾರಿ ಮಗಳ ಊರಿಗೆ ಹೋಗಲು ಅವರು ನಿಶ್ಚಯಿಸಿದ್ದಾರೆ. 2002ರ ಕ್ರಯದ ಮೊಬಲಗು 6 ಲಕ್ಷ ರೂಪಾಯಿ ಎಂದು ಆ ಪತ್ರ ಹೇಳುತ್ತದೆ. ಅಣ್ಣ ಕೊಟ್ಟದ್ದು 11 ಲಕ್ಷ. ಇದು ನನಗೆ ಗೊತ್ತು. ಏಕೆಂದರೆ ಆ ಕ್ರಯಪತ್ರಕ್ಕೆ ಸಾಕ್ಷಿಯಾಗಿ ಸಹಿ ಮಾಡಿದವನು ನಾನು. ಆಗ ನಾನು ಸರ್ಕಾರಿ ಸೇವೆಯಲ್ಲಿದ್ದೆ.

ಬ್ಯಾಂಕು ಪತ್ರದಲ್ಲಿದ್ದ ಬೆಲೆಯನ್ನು ಆಧರಿಸಿಯೇ ಸಾಲ ಕೊಟ್ಟಿತು. ನಗದಾಗಿ ಕೊಡಬೇಕಿದ್ದ 5 ಲಕ್ಷಕ್ಕಾಗಿ ಅತ್ತಿಗೆಯ ಒಡವೆ ಮಾರಾಟವಾಯಿತು. ಮುದ್ರಾಂಕ ಶುಲ್ಕ ಉಳಿಯಿತೆಂದು ಅಂದು ಎಲ್ಲರೂ ಸಮಾಧಾನಪಟ್ಟೆವು. ಇಂದು ಲೆಕ್ಕ ತಿರುಗಿಬಿದ್ದಿದೆ. ಕೊಳ್ಳಲು ಬಂದಿರುವವರು ಬ್ಯಾಂಕ್ ಸಾಲ ಪಡೆಯುವವರಾದ್ದರಿಂದ ಪೂರ್ಣ ಬೆಲೆ ಪತ್ರಕ್ಕೆ ಬರಲಿದೆ. ಬಂಡವಾಳ ಲಾಭದ ತೆರಿಗೆಗೆ ಮಾತ್ರ ಹಳೆಯ 6 ಲಕ್ಷವೇ ಆಧಾರ. ಎಂದೂ ಗಳಿಸದ 5 ಲಕ್ಷದ ‘ಲಾಭ’ಕ್ಕೆ, ಶೇ 12.5ರ ದರದಲ್ಲಿ, ಅತ್ತಿಗೆ 62,500 ರೂಪಾಯಿ ತೆರಬೇಕು. ಮಾರಿದ ಒಡವೆ ಯಾವ ದಾಖಲೆಯಲ್ಲೂ ಇಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಮಿನಡಿ ರಚಿತವಾಗುವ ಕೇಂದ್ರ ಮೌಲ್ಯಮಾಪನ ಸಮಿತಿ ಮಾರ್ಗಸೂಚಿ ದರವನ್ನು ನಿರ್ಧರಿಸುತ್ತದೆ. ಆ ದರ ಪೇಟೆಗಿಂತ ಹಿಂದುಳಿದಾಗ ಜನ ಅಷ್ಟನ್ನೇ ಪತ್ರದಲ್ಲಿ ಬರೆಯುತ್ತಾರೆ. ಮುಂದಿನ ಪರಿಷ್ಕರಣೆಯ ಕಾಲಕ್ಕೆ ಕೈಗೆ ಸಿಗುವುದೂ ಅವೇ ಪತ್ರಗಳು. ಸುಳ್ಳು ಸುಳ್ಳಿಗೆ ಸಾಕ್ಷಿ ನುಡಿಯುತ್ತದೆ. 2023ರ ಅಕ್ಟೋಬರ್ 1ರಂದು ದರ ಪರಿಷ್ಕರಣೆಯಾದದ್ದು ಹಲವು ವರ್ಷಗಳ ಬಳಿಕ.

ಇದರ ಅತಿ ಹೆಚ್ಚಿನ ಪೆಟ್ಟು ಬೀಳುವುದು ನಗರದ ಅಂಚಿನ ರೈತರಿಗೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮಿನಂತೆ ಪರಿಹಾರ ನಿಗದಿ ಮಾಡುವಾಗ ಮುದ್ರಾಂಕ ಕಾಯ್ದೆಯಡಿಯ ಮೌಲ್ಯವನ್ನೂ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿಯನ್ನೂ ನೋಡಬೇಕು. ಆ ಪತ್ರಗಳೇ ಬೆಲೆ ಬಚ್ಚಿಟ್ಟಿದ್ದರೆ, ರಸ್ತೆಗಾಗಿ ಹೊಲ ಕಳೆದುಕೊಂಡವನಿಗೆ ನ್ಯಾಯ ಎಲ್ಲಿಂದ ಬರಬೇಕು? ನೆರೆಯವನು ಉಳಿಸಿದ ಶುಲ್ಕವನ್ನು ಅವನು ತನ್ನ ಪರಿಹಾರದಿಂದ ತುಂಬಿಕೊಡುತ್ತಾನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚೆಗೆ ನೋಂದಣಿಯಾದ ಮನೆಗಳ ಮಾರಾಟ ಬೆಲೆಯನ್ನು ಅಲ್ಲಿನ ಭೂ ನೋಂದಣಿ ಇಲಾಖೆ ಪ್ರಕಟಿಸುತ್ತದೆ. ಯಾರು ಬೇಕಾದರೂ ಒಂದು ಬೀದಿಯ ಮನೆಗಳ ಬೆಲೆಯ ಚರಿತ್ರೆಯನ್ನು ಓದಬಹುದು. ನಮ್ಮಲ್ಲಿ 2003ರಿಂದಲೇ ‘ಕಾವೇರಿ’ ತಂತ್ರಾಂಶವಿದೆ. 2023ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂದಿದೆ. ಆದರೆ ನೆರೆಮನೆ ಎಷ್ಟಕ್ಕೆ ಹೋಯಿತೆಂದು ತಿಳಿಯಲು ಇಂದಿಗೂ ದಲ್ಲಾಳಿಯನ್ನೇ ಕೇಳಬೇಕು.

ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಹೆಸರುಗಳನ್ನು ಬಿಟ್ಟು, ಪ್ರತಿ ಕ್ರಯದ ದಿನಾಂಕ, ವಿಸ್ತೀರ್ಣ ಮತ್ತು ಬೆಲೆಯನ್ನು ಬೀದಿವಾರು ಪ್ರಕಟಿಸುವುದು. ಹೆಸರಿಲ್ಲದಿರುವಾಗ ಖಾಸಗಿತನದ ಆಕ್ಷೇಪಕ್ಕೆ ಹೆಚ್ಚಿನ ತೂಕವಿಲ್ಲ. ಎರಡನೆಯದು, ಶುಲ್ಕ ಇಳಿಸುವುದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಉಪಕರಗಳು. ಸತ್ಯ ಹೇಳುವುದು ಇಷ್ಟು ದುಬಾರಿಯಾದರೆ ಸುಳ್ಳಿಗೆ ಗಿರಾಕಿಗಳು ಹೆಚ್ಚುತ್ತಾರೆ. ಬೆಲೆ ಬಯಲಾದಂತೆ ತೆರಿಗೆಯ ಬುಡ ಹಿಗ್ಗುತ್ತದೆ. ಕಡಿಮೆ ದರದಲ್ಲೂ ಬೊಕ್ಕಸ ತುಂಬೀತು.

ಅತ್ತಿಗೆ ನನ್ನನ್ನು ದೂರಲಿಲ್ಲ. “ಆಗ ಎಲ್ಲರೂ ಹಾಗೇ ಮಾಡುತ್ತಿದ್ದರಲ್ಲ” ಎಂದಷ್ಟೇ ಅಂದರು. ಈ ಸಲದ ಕ್ರಯಪತ್ರಕ್ಕೂ ನಾನೇ ಸಾಕ್ಷಿ. ಅದರಲ್ಲಿ ಬರೆದ ಬೆಲೆಯೇ ಕೊಟ್ಟ ಬೆಲೆಯಾಗಿರುತ್ತದೆ.