ಹುಟ್ಟಿದ ಮಗುವಿಗೊಂದು ಹಬ್ಬ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಾನ್ಯ ಬಂಧುಗಳೆ,

ಗದ್ದೆಬಯಲಿನಲ್ಲಿ ಭತ್ತದ ಕೊಯ್ಲು ನಡೆದಿರುವ, ಕಣಗಳಲ್ಲಿ ರಾಗಿಯ ಮೆದೆ ಏಳುತ್ತಿರುವ, ಬೆಳಗಿನ ಮಂಜಿನೊಡನೆ ಆಲೆಮನೆಗಳ ಹೊಗೆಯೂ ಬೆರೆತು ಊರಿಗೆ ಊರೇ ಬೆಲ್ಲದ ವಾಸನೆಯಲ್ಲಿ ಕಣ್ದೆರೆಯುವ ಈ ದಿನಗಳಲ್ಲಿ, ಸಂಕ್ರಾಂತಿಗೆ ಇನ್ನೂ ಮೂರು ವಾರ ಉಂಟೆನ್ನುವಾಗ ಬರುವ ಕ್ರಿಸ್ತ ಜಯಂತಿಯನ್ನು ಕುರಿತು ತಮ್ಮಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿದ್ದುದನ್ನು ಈ ವರ್ಷ ಬರೆದೇ ಬಿಡುತ್ತಿದ್ದೇನೆ. ನಾನು ಆ ಮತಕ್ಕೆ ಸೇರಿದವನಲ್ಲ. ತಮ್ಮಲ್ಲಿಯೂ ಬಹುಮಂದಿ ಸೇರಿದವರಲ್ಲ. ಆದುದರಿಂದಲೇ ಈ ಮಾತನ್ನು ತಮ್ಮ ಮುಂದಿಡಲು ಧೈರ್ಯವುಂಟಾಗಿದೆ.

ಡಿಸೆಂಬರ್ 25 ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಸರ್ಕಾರಿ ರಜೆಯ ಒಂದು ದಿನ. ಬೇಕರಿಯವನು ಗಾಜಿನ ಕಪಾಟಿಗೆ ಹತ್ತಿಯ ಹಿಮವನ್ನು ಅಂಟಿಸಿ, ಪ್ಲಾಸ್ಟಿಕ್ಕಿನ ಮರವೊಂದಕ್ಕೆ ಮಿಣುಕುದೀಪದ ಸರ ಸುತ್ತಿ, ಪ್ಲಮ್ ಕೇಕಿನ ದರವನ್ನು ಬರೆದು ತೂಗುಹಾಕುತ್ತಾನೆ. ಉಳ್ಳವರು ಕಾರು ಹತ್ತಿ ಮೈಸೂರಿಗೆ ಹೋಗಿ ಸಂತ ಫಿಲೋಮಿನಾ ಚರ್ಚಿನ ದೀಪಾಲಂಕಾರವನ್ನು ನೋಡಿಕೊಂಡು ಬರುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. (ಮಂಡ್ಯದ ಬಿಸಿಲಿಗೂ ಕರಗದ ಆ ಹತ್ತಿಯ ಹಿಮ ಶಿವರಾತ್ರಿಯವರೆಗೂ ಧೂಳು ಹಿಡಿದು ನಿಂತಿರುವುದನ್ನು ಕಂಡಾಗ ನಗು ಬರುವುದುಂಟು, ಅಷ್ಟೆ.) ಆದರೆ ಸೂರಿಗೆ ಕಾಗದದ ನಕ್ಷತ್ರವನ್ನು ಕಟ್ಟಿ, ಅಂಗಳದಲ್ಲಿ ಸರ್ವೆಯ ಕೊಂಬೆಯನ್ನು ನೆಟ್ಟು, ಮೂಲೆಯಲ್ಲಿ ಹೊಸ ಹುಲ್ಲನ್ನು ಹರಡಿ ಗೋದಲಿಯನ್ನು ಕಟ್ಟುವ ನಮ್ಮದೇ ಬೀದಿಯ ನೆರೆಯವರ ಹೊಸಿಲನ್ನು ಆ ದಿನ ತುಳಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಈ ಹಬ್ಬ ನಿನ್ನೆ ಮೊನ್ನೆ ಇಲ್ಲಿಗೆ ಬಂದುದೆಂದು ತಿಳಿಯಬೇಕಾದುದಿಲ್ಲ. ಇಂದು ನಮ್ಮ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣಕ್ಕೆ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿಯೇ ಇಟಲಿ ದೇಶದ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿ ಬರೆದರು. 1799ರ ಯುದ್ಧದಿಂದ ಪಟ್ಟಣ ಹಾಳುಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯಿ ಗಂಜಾಮಿನಲ್ಲಿ ಕಟ್ಟಿಸಿದ ಸಣ್ಣ ಚರ್ಚು ಇನ್ನೂ ಇದೆ. ಈ ನಾಡಿನವರಂತೆಯೇ ಉಡುತ್ತ ಉಣ್ಣುತ್ತ, ಜನರಿಂದ ದೊಡ್ಡಸ್ವಾಮಿಗಳೆಂದು ಕರೆಸಿಕೊಂಡು, 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೆ ಇಲ್ಲಿಯೇ ಬಾಳಿದ ಈತ ನಮ್ಮವರ ಆಚಾರವ್ಯವಹಾರಗಳನ್ನು ಕುರಿತು ಬರೆದ ಗ್ರಂಥದಲ್ಲಿ ನಾವು ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಅದರ ವಾದವನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಸಿಡುಬೆಂಬ ಮಾರಿಗೆ ಮನೆಮನೆಯ ಕೂಸುಗಳು ಬಲಿಯಾಗುತ್ತಿದ್ದ ಆ ಕಾಲದಲ್ಲಿ, ಆಗತಾನೆ ಇಂಗ್ಲೆಂಡಿನಿಂದ ಬಂದಿದ್ದ ದೇವಿ ಹಾಕುವ ವಿದ್ಯೆಯನ್ನು ಈ ಸೀಮೆಯ ಹಳ್ಳಿಗಳಿಗೆ ಕೊಂಡೊಯ್ದು, ಹೆದರಿದವರಿಗೆ ಹೇಳಿ ಒಪ್ಪಿಸಿ ಸಾವಿರಾರು ಜನರಿಗೆ ದೇವಿ ಹಾಕಿಸಿದ ಪುಣ್ಯ ಆತನದೆಂಬುದನ್ನು ಮರೆಯುವಂತಿಲ್ಲ. ಅನಂತರ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಎಂದು ಮೈಸೂರಿನಲ್ಲಿ ತೆರೆದ, ಇಂದಿಗೂ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಈ ಕಡೆಯ ಹಳೆಯ ತಲೆಯವರು ಬಲ್ಲರು.

ಇಷ್ಟನ್ನೂ ಹೇಳಿದುದು ಒಂದು ಕಾರಣಕ್ಕಾಗಿ. ಈ ಹಬ್ಬದ ಕಥೆಯೇ ಒಂದು ಹೆರಿಗೆಯ ಕಥೆ. ಪರಸ್ಥಳದಲ್ಲಿ ದಿನ ತುಂಬಿದ ಒಬ್ಬ ಬಡ ಹೆಂಗಸಿಗೆ ಛತ್ರದಲ್ಲಿ ಜಾಗ ದೊರೆಯದೆ, ದನದ ಕೊಟ್ಟಿಗೆಯಲ್ಲಿ ಹೆರಿಗೆಯಾಗಿ, ಮಗುವನ್ನು ಮೇವಿನ ಗೋದಲಿಯಲ್ಲಿ ಮಲಗಿಸಬೇಕಾಯಿತು. ಅದನ್ನು ನೋಡಲು ಮೊದಲು ಬಂದವರು ರಾತ್ರಿ ಮಂದೆ ಕಾಯುತ್ತಿದ್ದ ಕುರುಬರು. ನಮ್ಮ ಹಳ್ಳಿಗಳ ಯಾವ ಅಜ್ಜಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ದೀಪಾಲಂಕಾರದವರು ಸಾಧಾರಣವಾಗಿ ಬಿಟ್ಟುಬಿಡುವ ಭಾಗ ಮುಂದಿನದು: ಮಗು ಹುಟ್ಟಿದ ಸುದ್ದಿ ಕೇಳಿ ಅಂಜಿದ ಹೆರೋದನೆಂಬ ಅರಸನು ಆ ಊರಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದನೆಂದು ಸುವಾರ್ತೆಯಲ್ಲಿ ಬರೆದಿದೆ.

ಹೆರೋದನು ದೂರದ ದೇಶದವನು, ಹಳೆಯ ಕಾಲದವನು ಎಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಭ್ರೂಣಹತ್ಯೆಯ ಜಾಲವೊಂದರ ಜಾಡು ಮಂಡ್ಯದ ಸಮೀಪದ ಒಂದು ಆಲೆಮನೆಗೆ ಬಂದು ಮುಟ್ಟಿತು. ಕಬ್ಬಿನ ಹಾಲು ಕುದಿಯುವ, ದಾರಿಹೋಕ ಮಕ್ಕಳು ಕೈಯೊಡ್ಡಿದರೆ ಬಿಸಿಬೆಲ್ಲದ ತುಣುಕನ್ನು ಎಲೆಯ ಮೇಲಿಟ್ಟು ಕೊಡುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವನ್ನು ಬಚ್ಚಿಟ್ಟುಕೊಂಡು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ತಿಳಿಸಿ, ಹೆಣ್ಣಾದರೆ ಅದನ್ನು ಇಲ್ಲವಾಗಿಸಲು ಬೇರೆಡೆಗೆ ಕಳುಹಿಸುವ ವ್ಯಾಪಾರ ನಡೆದಿತ್ತು. 1994ರಲ್ಲಿಯೇ ಆದ ಕಾಯಿದೆ ಇಂಥ ಲಿಂಗಪತ್ತೆಯನ್ನು ನಿಷೇಧಿಸಿದೆ. ಕಾಯಿದೆಯ ಕೆಲಸವನ್ನು ಪೊಲೀಸರೂ ನ್ಯಾಯಾಲಯವೂ ಮಾಡಲಿ. ಆದರೆ ಅಲ್ಲಿಗೆ ಹೋದವರು ಯಾವ ದೇಶದಿಂದಲೋ ಬಂದವರಲ್ಲವಷ್ಟೆ? ಹೆರಿಗೆ ವಾರ್ಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತವರಿಗೆಲ್ಲ ಗೊತ್ತು: ‘ಏನು ಮಗುವವ್ವಾ?’ ಎಂದು ಒಬ್ಬರು ಕೇಳುತ್ತಾರೆ. ‘ಗಂಡು ಕಣವ್ವಾ’ ಎಂಬ ಉತ್ತರ ಪಡಸಾಲೆಯ ಆ ಕೊನೆಗೂ ಕೇಳಿಸುತ್ತದೆ. ‘ಹೆಣ್ಣು ಕಣವ್ವಾ’ ಎಂಬುದು ಕೇಳಿದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಬರುತ್ತದೆ. ‘ಹೋಗ್ಲಿ ಬಿಡು, ಲಕ್ಷ್ಮಿ’ ಎಂಬ ಸಮಾಧಾನ ಅದರ ಬೆನ್ನಿಗೇ ಬರುತ್ತದೆ. ಅಪರಾಧಕ್ಕೆ ಬೇಕಾದ ನೆಲ ಹದವಾಗುವುದು ಇಂಥ ಸಮಾಧಾನಗಳಿಂದ.

ಆದುದರಿಂದ ನನ್ನ ವಿಜ್ಞಾಪನೆ ಇದು. ಈ ವರ್ಷದಿಂದ ನಮ್ಮ ಮೂರು ಊರುಗಳಲ್ಲಿ ಕ್ರಿಸ್ತ ಜಯಂತಿಯ ದಿನ ಒಂದು ಹೊಸ ಪದ್ಧತಿಯನ್ನು ಹೂಡೋಣ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮದ್ದೂರು ಮಳವಳ್ಳಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ದಿನ ಇರುವ ಪ್ರತಿಯೊಬ್ಬ ಬಾಣಂತಿಗೂ ಊರಿನ ಪರವಾಗಿ ಒಂದು ಮಡಿಲು ಹೋಗಲಿ. ಅದರಲ್ಲಿ ಒಂದು ಅಚ್ಚು ಬೆಲ್ಲ, ಎರಡು ಗಿಟುಕು ಕೊಬ್ಬರಿ, ಬೆಳ್ಳುಳ್ಳಿ, ಒಣಶುಂಠಿ, ಮೆಣಸು, ಸಾಧ್ಯವಾದರೆ ಮನೆಯಲ್ಲಿ ಕಾಯಿಸಿದ ತುಪ್ಪ. ಮಗುವಿಗೆ ಒಂದು ಕುಲಾವಿ ಮತ್ತು ಒಗೆದೊಗೆದು ಮೆತ್ತಗಾದ ನೂಲಿನ ಸೀರೆಯ ತುಂಡುಗಳು. ಹೊಸಬಟ್ಟೆ ಬೇಡ, ಎಳೆಗೂಸಿಗೆ ಹಳೆಯ ಸೀರೆಯೇ ಹಿತವೆಂಬುದನ್ನು ಹೆತ್ತವರೆಲ್ಲ ಬಲ್ಲರು. ಗಂಡಿಗೊಂದು ಹೆಣ್ಣಿಗೊಂದು ಎಂಬ ಭೇದ ಮಡಿಲಿನಲ್ಲಿ ಕೂಡದು. ಆದರೆ ಕೊಡುವಾಗ ಆಡುವ ಮಾತಿನಲ್ಲಿ, ಹೆಣ್ಣು ಹೆತ್ತವಳ ಮಂಚದ ಬಳಿ ಸಮಾಧಾನದ ಸೊಲ್ಲನ್ನು ಎತ್ತದೆ, ಗಟ್ಟಿಯಾಗಿ, ಪಡಸಾಲೆಗೆ ಕೇಳುವಂತೆ ಸಂತೋಷವನ್ನು ಹೇಳತಕ್ಕದ್ದು.

ಎರಡನೆಯದು ಇನ್ನೂ ಸುಲಭ. ಯುಗಾದಿಗೆ ಒಬ್ಬಟ್ಟನ್ನೂ, ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ನೆರೆಯ ಕ್ರೈಸ್ತರ ಮನೆಗೆ ಕೊಟ್ಟುಬರುವವರು ನಮ್ಮಲ್ಲಿ ಇದ್ದಾರೆ. ಅವರ ಹಬ್ಬದಂದು ಅವರ ಮನೆಗೆ ಹೋಗಿ ಕುಳಿತು ಬರುವವರು ವಿರಳ. ಕೇಕನ್ನು ಕೊಂಡೊಯ್ಯಲೇಬೇಕೆಂಬ ನಿಯಮವಿಲ್ಲ. ನಮ್ಮದು ಬೆಲ್ಲದ ಸೀಮೆ, ಕಜ್ಜಾಯದ ಸೀಮೆ. ನೆನೆಸಿದ ಅಕ್ಕಿಯನ್ನು ನೆರಳಿನಲ್ಲಿ ಆರಹಾಕಿ, ಪಸೆ ಪೂರ್ತಿ ಹೋಗುವ ಮುನ್ನವೇ ಹಿಟ್ಟುಮಾಡಿ, ನೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗಿ ಕೈಗೆ ಬರುವ ಬೆಲ್ಲದ ಪಾಕಕ್ಕೆ ಅದನ್ನು ಬೆರೆಸಿ, ಎರಡು ಮೂರು ದಿನ ಹಾಗೆಯೇ ಮುಚ್ಚಿಟ್ಟು, ಗಸಗಸೆಯನ್ನು ಒತ್ತಿ ಎಣ್ಣೆಗೆ ಬಿಟ್ಟು, ತೆಗೆದೊಡನೆ ಎರಡು ಜಾಲರಿಗಳ ನಡುವೆ ಅದುಮಿ ಎಣ್ಣೆ ಬಸಿದ ಕಜ್ಜಾಯ ಯಾವ ಹಬ್ಬದ ಎಲೆಯ ಮೇಲೂ ಸಲ್ಲುವಂಥದು.

ಕೆಲವರು ಸಂದೇಹಪಡುವರು, ಇದರಲ್ಲಿ ಮತಪ್ರಚಾರದ ಹುನ್ನಾರವಿಲ್ಲವೆ ಎಂದೂ, ನಮ್ಮ ಹಬ್ಬಗಳೇ ಸೊರಗುತ್ತಿರುವಾಗ ಪರರ ಹಬ್ಬದ ಉಸಾಬರಿ ಏಕೆಂದೂ ಕೇಳುವರು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿಯೂ, ಮರುವರ್ಷ ಅದೇ ತಿಂಗಳಿನಲ್ಲಿ ಮದ್ದೂರಿನಲ್ಲಿಯೂ ಗಣೇಶನ ಮೆರವಣಿಗೆಯ ವೇಳೆ ನಡೆದ ಗಲಭೆಗಳನ್ನು ಕಂಡ ಮೇಲೆ, ಹಬ್ಬವೆಂದರೆ ಬಾಗಿಲು ಹಾಕಿಕೊಳ್ಳುವವರನ್ನು ನಾನು ದೂರಲಾರೆ. ಆದರೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ನೇತೃತ್ವದಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆಗೆ ಈ ಸೀಮೆಯಿಂದ ಪ್ರತಿವರ್ಷ ಹೋಗುವವರು, ಅಲ್ಲಿನ ಪಂಕ್ತಿಸೇವೆಯ ದಿನ ಬಯಲಿನಲ್ಲಿ ಒಲೆ ಹೂಡಿ ಬೇಯಿಸಿದುದನ್ನು ಜಾತಿ ಕುಲ ಕೇಳದೆ ಒಟ್ಟಿಗೆ ಕುಳಿತು ಉಣ್ಣುವವರು, ಅದನ್ನು ಯಾರ ಪ್ರಚಾರವೆಂದು ಕರೆಯುತ್ತಾರೆ? ನೀಲಗಾರರು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಕಂಡಾಯದ ಭಿಕ್ಷೆಯ ಜೋಳಿಗೆ ಎಲ್ಲರ ಮನೆಯ ಮುಂದೆಯೂ ನಿಲ್ಲುತ್ತದೆ. ಪಂಕ್ತಿಸೇವೆಯ ಪದ್ಧತಿಯನ್ನೂ ಯಾವುದೋ ಒಂದು ವರ್ಷ ಯಾರೋ ಮೊದಲು ಮಾಡಿರಲೇಬೇಕು. ಆಗಲೂ ಆಕ್ಷೇಪಿಸಿದವರು ಇದ್ದಿರಬೇಕು.

ಇನ್ನು ಕಾರ್ಯಕ್ರಮದ ಮಾತು. ಆಸ್ಪತ್ರೆಯ ಮುಖ್ಯ ವೈದ್ಯರನ್ನು ಡಿಸೆಂಬರ್ ಮೊದಲ ವಾರದಲ್ಲಿಯೇ ಕಂಡು ಅನುಮತಿ ಪಡೆಯತಕ್ಕದ್ದು. ವಾರ್ಡಿನ ನರ್ಸಮ್ಮನವರ ಮಾತೇ ಅಲ್ಲಿ ಕಡೆಯ ಮಾತು. ಒಳಗೆ ಇಬ್ಬರಿಗಿಂತ ಹೆಚ್ಚು ಹೋಗಕೂಡದು, ಕೂಸನ್ನು ಎತ್ತಿಕೊಳ್ಳಕೂಡದು, ನೆಗಡಿ ಕೆಮ್ಮಿದ್ದವರು ಮನೆಯಲ್ಲಿಯೇ ಉಳಿಯತಕ್ಕದ್ದು. ಮಡಿಲಿನ ಮೇಲೆ ಸಂಘದ ಹೆಸರಾಗಲಿ ಮುಖಂಡರ ಭಾವಚಿತ್ರವಾಗಲಿ ಬೇಡ, ಫೋನು ಜೇಬಿನಲ್ಲಿರಲಿ. ಚರ್ಚಿನ ಹಿರಿಯರನ್ನೂ ಕೇಳಿಕೊಂಡು, ಅವರ ಬಲಿಪೂಜೆಯೂ ಮನೆಯ ಊಟವೂ ಮುಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೂಡಿ ಹೋಗುವುದು ಮೇಲು. ಆಲೆಮನೆಯ ಯಜಮಾನರಲ್ಲಿ ನನ್ನದೊಂದು ಪ್ರತ್ಯೇಕ ಕೋರಿಕೆ: ಈ ಮಡಿಲುಗಳ ಬೆಲ್ಲ ತಮ್ಮಿಂದ ಬರಲಿ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವವರು 20ನೆಯ ತಾರೀಖನ್ನು ತಪ್ಪಿಸಬೇಡಿ. ತಡವಾಗಿ ಕಲಸಿದ ಹಿಟ್ಟು ಎಣ್ಣೆಯಲ್ಲಿ ಒಡೆದುಹೋದರೆ ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬೇಕಾದೀತು.