ಪುಡಿಯಿಂದ ಅತಿವಾಹಕ ತಂತಿ

ಆಡಕಿಯಿಂದ ಸೇಡಂ, ವಾಡಿಗಳ ಕಡೆಗೆ ಹೊರಟವರಿಗೆ ಸಿಮೆಂಟ್ ಕಾರ್ಖಾನೆಗಳ ನೋಟ ಹೊಸದಲ್ಲ. ಅಲ್ಲಿ ಸುಣ್ಣಕಲ್ಲನ್ನು ಹಿಟ್ಟಿನಂತೆ ಅರೆದು, ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುವರು. ಪುಡಿಯು ಪೂರ್ತಿ ಕರಗದೆಯೇ ಹೊಸ ಸಂಯುಕ್ತಗಳಾಗಿ ಗಟ್ಟಿಗೊಳ್ಳುವುದು. ಇಂತಹುದೇ ಕೆಲಸವು ಭೌತವಿಜ್ಞಾನದ ದೊಡ್ಡ ತೊಡಕೊಂದನ್ನು ಬಿಡಿಸಿದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ನಯೋಬಿಯಂ ಮತ್ತು ತವರಗಳ ಒಂದು ಸಂಯುಕ್ತವು ಸುಮಾರು 18 ಕೆಲ್ವಿನ್‌ಗಿಂತ, ಎಂದರೆ ಸೊನ್ನೆಯ ಕೆಳಗೆ 255 ಡಿಗ್ರಿಗಿಂತ, ತಣ್ಣಗಾದಾಗ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡದು. ಆದರೆ ಅದು ಬಲು ಪೆಡಸು. ತಂತಿಯಾಗಿ ಎಳೆಯಹೋದರೆ ಮುರಿಯುವುದು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕುಂಜ್ಲರ್ ಮತ್ತು ಸಂಗಡಿಗರು ಎರಡೂ ಲೋಹಗಳ ಪುಡಿಯನ್ನು ನಯೋಬಿಯಂ ಕೊಳವೆಯಲ್ಲಿ ತುಂಬಿ, ಅಕ್ಕಸಾಲಿಗನು ಕಂಬಚ್ಚಿನಲ್ಲಿ ಎಳೆಯುವಂತೆ ಎಳೆದು, ತಂತಿಯಾದ ಮೇಲೆ ಸುಟ್ಟರು. ಮುರಿಯುವ ವಸ್ತುವು ತಂತಿಯ ಒಡಲಲ್ಲಿಯೇ ಹುಟ್ಟಿತು! 8.8 ಟೆಸ್ಲಾ ಕಾಂತಕ್ಷೇತ್ರದಲ್ಲಿಯೂ ಅದು ಚದರ ಸೆಂಟಿಮೀಟರಿಗೆ ಲಕ್ಷ ಆಂಪಿಯರಿಗೂ ಮಿಕ್ಕ ಪ್ರವಾಹವನ್ನು ಹೊತ್ತಿತು.

1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವು ದ್ರವ ಸಾರಜನಕದ ತಂಪಿನಲ್ಲಿಯೇ ಅತಿವಾಹಕವಾಗುವ ಆಕ್ಸೈಡನ್ನು ಸಿದ್ಧಪಡಿಸಿತು. ಅದೂ ಪೆಡಸೇ. ಮುಂದೆ ಬಿಸ್ಮತ್ ಬೆರೆತ ಆಕ್ಸೈಡುಗಳ ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ ಎಳೆಯಬೇಕಾಯಿತು. ಹೀಗಿರಲು ಪಾಠದಲ್ಲಿ ಉಷ್ಣತೆಯ ಅಂಕಿಗಳನ್ನಷ್ಟೇ ಬಾಯಿಪಾಠ ಮಾಡಿಸಿ, ತಂತಿಯ ಮಾತನ್ನೇ ಎತ್ತದಿರುವುದು ನಮಗೆ ಸರಿಗಾಣದು. ಅರೆಯುವುದು, ಸುಡುವುದು ಕೂಲಿಯ ಕೆಲಸವೆಂಬ ಭಾವನೆಯೇ ಇದರ ಹಿಂದಿದೆಯೆಂದು ನಮ್ಮ ಶಂಕೆ. ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್ ಬಿಲ್ಲೆಯೊಂದನ್ನು ಅಧ್ಯಾಪಕರ ಸಮಕ್ಷಮದಲ್ಲಿ ಕಾಲೇಜಿನ ಕುಲುಮೆಯಲ್ಲಿಯೇ ಸುಡಬಹುದು. ಸೇಡಂ, ಚಿತ್ತಾಪುರಗಳ ಕಾಲೇಜುಗಳು ಇದನ್ನು ಬರುವ ವರ್ಷವೇ ಕೈಗೊಳ್ಳಲಿ.