ನಮ್ಮನೆಯ ಹಳೇ ಸುಮೀತ್

ಮೊನ್ನೆ ದಸರೆಗೆ ಬೆಂಗಳೂರಿನಿಂದ ಬಂದ ಮಗ ಅಡುಗೆಮನೆಗೆ ಕಾಲಿಟ್ಟವನೇ, "ಅಪ್ಪಾ, ಈ ಡಬ್ಬಾ ಇನ್ನೂ ಇಟ್ಕೊಂಡೀರೇನು? ಹೊಸದು ಕೊಡಸ್ತೀನಿ" ಅಂದ. ಡಬ್ಬಾ ಅಂದದ್ದು ನಮ್ಮ ಸುಮೀತ್ ಮಿಕ್ಸಿಗೆ. ನಾನು ಬಾಯಿ ತೆರೆಯುವ ಮೊದಲೇ ಅವನಮ್ಮ, "ನಿನಗಿಂತ ಮೊದಲು ಈ ಮನಿಗೆ ಬಂದದ್ದು ಅದು, ಮರ್ಯಾದಿ ಕೊಟ್ಟು ಮಾತಾಡು" ಅಂದಳು. ಮಾತು ಅಲ್ಲಿಗೆ ಮುಗೀತು. ನನ್ನ ತಲೆಯೊಳಗೆ ಮಾತ್ರ ಕೊರೀತಾನೇ ಇದೆ.

1986ರಲ್ಲಿ ಧಾರವಾಡ ಬಿಟ್ಟು ಪುಣೆಗೆ ಬಂದಾಗ ನಾವಿದ್ದದ್ದು ಸದಾಶಿವ ಪೇಠದ ಒಂದು ವಾಡೆಯಲ್ಲಿ, ಎರಡೇ ಖೋಲಿ. ಒರಳಿಗೆ ಜಾಗವಿರಲಿಲ್ಲ. ಹಾಗಾಗಿ ಕಂತಿನ ಮೇಲೆ ಈ ಮಿಕ್ಸಿ ಬಂತು. ಅದರ ಸದ್ದಿಗೆ ಮೊದಲು ಗೊಣಗಿದ ಕೆಳಗಿನ ಆಜಿ, ವಾರದೊಳಗೆ ಒಂದು ವಾಟಿ ಶೇಂಗಾ ಹಿಡಿದು "ಜರಾ ದಾಣ್ಯಾಚಂ ಕೂಟ್ ಕರೂನ್ ದ್ಯಾಲ್ ಕಾ?" ಅಂತ ಬಂದರು. ಶೇಂಗಾ ಪುಡಿಯಾಗುವಷ್ಟರಲ್ಲಿ ನಾಲ್ಕು ಮಾತು. ನನ್ನ ಹೆಂಡತಿ ಮರಾಠಿ ಕಲಿತದ್ದು ಹೀಗೆ, ಮಿಕ್ಸಿ ಮುಂದೆ ನಿಂತು!

ಈ ಮಿಕ್ಸಿಯ ಹುಟ್ಟಿನ ಕತೆಯೂ ರಿಪೇರಿಯದೇ. 1960ರ ದಶಕದಲ್ಲಿ ಮಾಧುರಿ ಮಾಥುರ್ ಅವರ ಜರ್ಮನಿಯ ಬ್ರೌನ್ ಮಿಕ್ಸರ್‌ನ ಮೋಟಾರ್ ಸುಟ್ಟುಹೋಯಿತು, ಇಲ್ಲಿ ಸರಿಮಾಡುವವರಿಲ್ಲ. ಎಂಜಿನಿಯರ್ ಆಗಿದ್ದ ಗಂಡ ಸತ್ಯಪ್ರಕಾಶ್ ಮಾಥುರ್ ನಮ್ಮ ಅಡುಗೆಗೆ ತಕ್ಕ ಯಂತ್ರ ತಯಾರಿಸಿದರು. 1963ರಲ್ಲಿ ಕಂಪನಿ ಶುರುವಾಯಿತು. ವಿದೇಶದ ಯಂತ್ರ ಮೆತ್ತನೆಯ ಹಣ್ಣು, ಹಾಲು ಕಲಕಲು ಮಾಡಿದ್ದು. ನಮ್ಮದು ನೆನೆದ ಉದ್ದು, ಒಣ ಕೊಬ್ಬರಿ, ಅಗಸಿ. ಮೋಟಾರ್ ಎಷ್ಟು ಹೊತ್ತು ತಡೆದೀತು ಹೇಳಿ?

ನಮ್ಮದರ ತಳದ ಸ್ಕ್ರೂ ಬಿಚ್ಚಿದರೆ ಸಾಕು, ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಬ್ರಶ್ ಪೆನ್ಸಿಲ್ಲಿನಂತೆ ಸವೆಯುತ್ತದೆ, ಬೇರೆ ಹಾಕಿದರಾಯಿತು. ಕಪ್ಲರ್, ವಾಷರ್ ಎಷ್ಟು ಬದಲಾಗಿವೆಯೋ ಲೆಕ್ಕವಿಲ್ಲ. ಒಮ್ಮೆ ಮೋಟಾರ್ ಹೊಸದಾಗಿ ಸುತ್ತಿಸಿದ್ದೇವೆ. ನಡುವೆ ಉಡುಗೊರೆಯಾಗಿ ಬಂದ ಹೊಸ ಮಿಕ್ಸಿ ಮೂರೇ ವರ್ಷಕ್ಕೆ ನಿಂತಿತು. ಬಿಚ್ಚಲು ಹೋದರೆ ಕೆಲವು ಭಾಗ ಅಂಟಿಸಿಬಿಟ್ಟಿದ್ದಾರೆ. "ಪಾರ್ಟ್ ಸಿಗಲ್ಲ, ಎಕ್ಸ್‌ಚೇಂಜ್ ಮಾಡಿ" ಅಂದರು. ದುಡ್ಡು ಕೊಟ್ಟದ್ದು ನಾವು, ಬಿಚ್ಚುವ ಹಕ್ಕು ಮಾತ್ರ ನಮಗಿಲ್ಲ!

ಹಳೆಯದೆಲ್ಲ ಒಳ್ಳೆಯದು ಅನ್ನುವವನಲ್ಲ ನಾನು. ದಿನವಿಡೀ ಕರೆಂಟ್ ತಿನ್ನುತ್ತಿದ್ದ ಹಳೇ ಫ್ರಿಜ್ಜನ್ನು ನಾನೇ ಗುಜರಿಗೆ ಹಾಕಿದೆ. ಆದರೆ 500 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ತಿರುಗಿದರೆ ತಿಂಗಳಿಗೆ ಎರಡೂವರೆ ಯುನಿಟ್, ಅಷ್ಟೇ. ವೈರು, ಅರ್ಥಿಂಗ್ ಸರಿ ಇರಬೇಕು, ಅದನ್ನು ತಪ್ಪದೆ ನೋಡಿಸುತ್ತೇನೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಹಕ್ಕು ಸಿಕ್ಕರೆ ಸಾಕೆ, ರಿಪೇರಿ ಮಾಡುವ ಕೈ ಬೇಡವೆ? ಬುಧವಾರ ಪೇಠದ ನಮ್ಮ ಕಾಕಾಗೆ ಈಗ ಎಪ್ಪತ್ತು ದಾಟಿದೆ. ಕಳೆದ ಸಲ ಜಾರ್ ಕೈಗೆ ಕೊಡುತ್ತಾ, "ಮಗ ಐಟಿಯಲ್ಲಿದ್ದಾನೆ, ನನ್ನ ನಂತರ ಅಂಗಡಿ ಮುಚ್ಚುತ್ತೆ" ಅಂದರು. ನನ್ನ ಮಗನೂ ಐಟಿಯವನೇ, ಏನು ಹೇಳಲಿ? ನಾಲ್ಕು ಜೊತೆ ಬ್ರಶ್ ಕೊಂಡು, ಹಾಕುವುದು ಹೇಗೆಂದು ಅವರಿಂದಲೇ ಕಲಿತು ಬಂದೆ.

ಅಂದಹಾಗೆ, ದಸರೆ ಮುಗಿಸಿ ಹೊರಟ ಮಗ ಅದೇ ಡಬ್ಬಾದಲ್ಲಿ ಮಾಡಿದ ಶೇಂಗಾ ಚಟ್ನಿಪುಡಿ ಒಂದು ಕಿಲೋ ಕಟ್ಟಿಸಿಕೊಂಡು ಹೋದ. ಮುಂದಿನ ಸಲ ಬಂದಾಗ ಅವನ ಕೈಗೆ ಸ್ಕ್ರೂಡ್ರೈವರ್ ಕೊಡಬೇಕೆಂದಿದ್ದೇನೆ. ನಿಮ್ಮನೆಯಲ್ಲೂ ಇಂಥದೊಂದು ಇದೆಯೇ? ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ.